ಕಾಯಿ ಕಡಿ, ಎಣ್ಣೆ ಚಮಚ, ಅಕ್ಕಿ ಕುಡ್ತೆ: ಮನೆ ಅಡುಗೆಯಲ್ಲೇ ತೂಕ ಇಳಿಸುವ ಲೆಕ್ಕ

ಎಲ್ಲರಿಗೂ ನಮಸ್ಕಾರ.

ತೂಕ ಇಳಿಸಬೇಕು ಅಂತ ತೀರ್ಮಾನವಾದ ಕೂಡಲೇ ನಮ್ಮ ಉಡುಪಿ, ಮಂಗಳೂರಿನ ಮನೆಗಳಲ್ಲಿ ಕುಚ್ಚಲಕ್ಕಿ ಅನ್ನ ನಿಲ್ಲುತ್ತದೆ, ಓಟ್ಸ್ ಪೊಟ್ಟಣ ಬರುತ್ತದೆ. ಮನೆಮಂದಿಗೆಲ್ಲ ಗಸಿ, ಅಂದರೆ ಕಾಯಿ ಅರೆದು ಹಾಕಿದ ಗಟ್ಟಿ ಪದಾರ್ಥ, ಒಬ್ಬರಿಗೆ ಮಾತ್ರ ಓಟ್ಸ್. ಎರಡು ವಾರ ನಡೆಯುತ್ತದೆ. ಮೂರನೇ ವಾರ ಒಲೆಯ ಮೇಲೆ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಕುದಿಯುವಾಗ ಓಟ್ಸ್ ಡಬ್ಬಿ ಅಟ್ಟಕ್ಕೆ ಹೋಗುತ್ತದೆ. ಅವರಿಗೆ ಮನಸ್ಸು ಗಟ್ಟಿ ಇಲ್ಲ ಅಂತ ಯಾರೂ ಹೇಳಬೇಡಿ. ಒಂದು ಮನೆಯಲ್ಲಿ ಎರಡು ಅಡುಗೆ ಬಹಳ ದಿನ ನಡೆಯುವುದಿಲ್ಲ, ಅಷ್ಟೇ. ಬೇರೆ ಅಡುಗೆಯೇ ಬೇಡ. ಇರುವ ಅಡುಗೆಗೆ ಹೋಗುವ ಕಾಯಿ, ಎಣ್ಣೆ, ಅಕ್ಕಿ ಮೂರನ್ನೂ ಪಾತ್ರೆಗೆ ಬೀಳುವ ಮೊದಲೇ ಅಳೆಯಿರಿ. ಬಟ್ಟಲಿಗೆ ಬಂದ ಮೇಲೆ ಗಸಿಯಿಂದ ಕಾಯಿಯನ್ನು ಯಾರೂ ತೆಗೆಯಲಾರರು.

ಮೊದಲು ಕಾಯಿ. ಹೆರೆಮಣೆಯಲ್ಲಿ ಕೂತಾಗ ನಮ್ಮ ಲೆಕ್ಕ ಇರುವುದು ಕಡಿಯಲ್ಲಿ, ಅಂದರೆ ಒಡೆದ ಕಾಯಿಯ ಒಂದು ಹೋಳಿನಲ್ಲಿ. ಮಧ್ಯಮ ಗಾತ್ರದ ಒಂದು ಕಡಿ ಹೆರೆದರೆ ಸಾಧಾರಣ 120ರಿಂದ 150 ಗ್ರಾಂ ತುರಿ ಸಿಗುತ್ತದೆ. 100 ಗ್ರಾಂ ಹಸಿ ತುರಿಯಲ್ಲಿ ಸುಮಾರು 350 ಕ್ಯಾಲೊರಿ. 100 ಗ್ರಾಂ ಒಣ ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಅನ್ನ ಬಿಟ್ಟೆ ಅಂತ ಸಮಾಧಾನ ಪಟ್ಟುಕೊಂಡು ಅದೇ ತೂಕದ ಕಾಯಿ ತಿನ್ನುತ್ತಿದ್ದರೆ ತೂಕದ ಮೆಷಿನ್ನಿನ ಮುಳ್ಳು ಅಲುಗುವುದಿಲ್ಲ.

ನಾಲ್ಕು ಜನರ ಮನೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಚಟ್ನಿಗೆ ಒಂದು ಕಡಿ, ಮಧ್ಯಾಹ್ನ ಗಸಿಗೆ ಎರಡು ಕಡಿ, ಪಲ್ಯದ ಮೇಲೆ ಒಂದು ಹಿಡಿ. ಒಟ್ಟು 420 ಗ್ರಾಂ ಆಸುಪಾಸು, ತಲೆಗೆ ಸುಮಾರು 370 ಕ್ಯಾಲೊರಿ ಕಾಯಿಯಿಂದಲೇ ಬಂತು. ಇದನ್ನು ಇಡೀ ದಿನಕ್ಕೆ ಒಂದೇ ಕಡಿಗೆ ಇಳಿಸಿದರೆ ತಲೆಗೆ ದಿನಕ್ಕೆ 250 ಕ್ಯಾಲೊರಿ ಉಳಿತಾಯ. ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲೊರಿ ಅಂತ ಹಿಡಿದರೆ, ಕಾಗದದ ಮೇಲೆ ತಿಂಗಳಿಗೆ ಒಂದು ಕಿಲೋ. ತೂಕ ಇಳಿದ ಹಾಗೆ ದೇಹದ ಖರ್ಚೂ ಇಳಿಯುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆಯೇ ಆದೀತು, ಆದರೂ ಅದು ಸಣ್ಣ ಮಾತಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ. ಕಾಯಿಯನ್ನು ಅರ್ಧ ಮಾಡುತ್ತಾರೆ, ಮೆಣಸು ಮತ್ತು ಹುಳಿಯನ್ನು ಹಾಗೇ ಬಿಡುತ್ತಾರೆ. ಖಾರ, ಹುಳಿ ಎರಡನ್ನೂ ತಗ್ಗಿಸುತ್ತಿದ್ದ ಕಾಯಿ ಇಲ್ಲದೆ ಗಸಿ ಚುರುಗುಡುತ್ತದೆ. "ಇವತ್ತು ಪದಾರ್ಥ ಸರಿ ಆಗಲಿಲ್ಲ" ಅಂತ ಮನೆಯವರು ಕೈ ತೊಳೆಯುತ್ತಾರೆ, ಮರುದಿನ ಎರಡು ಕಡಿ ವಾಪಸ್ ಬರುತ್ತದೆ. ಕಾಯಿ ಅರ್ಧವಾದರೆ ಮೆಣಸು, ಹುಳಿ ಎರಡೂ ಮೂರನೇ ಒಂದು ಪಾಲು ಕಡಿಮೆಯಾಗಬೇಕು. 12 ಬ್ಯಾಡಗಿ ಮೆಣಸು ಹಾಕುವಲ್ಲಿ 8 ಸಾಕು. ಅರೆಯುವಾಗ ಹುರಿದ ಕೊತ್ತಂಬರಿ, ಮೆಣಸು, ಹುಳಿಯನ್ನು ಮೊದಲು ನೀರು ಹಾಕಿ ನುಣ್ಣಗೆ ಮಾಡಿ, ಕಾಯಿಯನ್ನು ಆಮೇಲೆ ಹಾಕಿ ಬೆಣ್ಣೆಯಂತೆ ಅರೆಯಿರಿ. ತರಿತರಿಯಾದರೆ ಅದೇ ಕಾಯಿ ತೆಳ್ಳಗೆ ಕಾಣುತ್ತದೆ. ದಪ್ಪ ಸಾಲದಿದ್ದರೆ ಒಂದು ಚಮಚ ನೆನೆಸಿದ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿಯನ್ನು ಮಸಾಲೆಯ ಜೊತೆ ಅರೆಯಿರಿ. ಅಕ್ಕಿ ಬಿದ್ದ ಮಸಾಲೆ ಅಡಿ ಹಿಡಿಯುತ್ತದೆ, ಕುದಿ ಬರುವ ತನಕ ಸೌಟು ಬಿಡಬೇಡಿ. ಸಸ್ಯಾಹಾರಿಗಳ ತರಕಾರಿ ಹುಳಿಯಾದ ಕೊದ್ದೆಲಿಗೆ ಬೆಂದ ತೊಗರಿಬೇಳೆಯನ್ನೋ ಮಂಗಳೂರು ಸೌತೆಯ ಹೋಳನ್ನೋ ಮಸೆದು ಸೇರಿಸಿದರೆ ಸಾಕು. ಇಷ್ಟು ಮಾಡಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಕಾಯಿ ಕಡಿಮೆಯಾದದ್ದು ಊಟಕ್ಕೆ ಕೂತವರಿಗೆ ತಿಳಿಯುವುದೇ ಇಲ್ಲ.

ವಾರಕ್ಕೆ ಎರಡು ದಿನ ಗಸಿಯ ಬದಲು ಪುಳಿಮುಂಚಿ ಮಾಡಿ. ಅದಕ್ಕೆ ಕಾಯಿಯೇ ಬೇಡ.

ಎಣ್ಣೆಗೆ ಚಮಚ ಲೆಕ್ಕ ಇಡುವುದು ಕಷ್ಟ, ಬಾಟಲಿ ಲೆಕ್ಕ ಸುಲಭ. ಕಾಯಿ ಬಳಸುವ ನಾಲ್ಕು ಜನರ ಮನೆಗೆ ತೆಂಗಿನೆಣ್ಣೆ, ಬೇರೆ ಎಣ್ಣೆ, ತುಪ್ಪ ಎಲ್ಲ ಸೇರಿ ತಿಂಗಳಿಗೆ ಎರಡು ಲೀಟರ್ ಸಾಕು. ತಲೆಗೆ ದಿನಕ್ಕೆ ಸುಮಾರು ಮೂರು ಚಿಕ್ಕ ಚಮಚ ಬಂತು. ಬಾಟಲಿ ತೆರೆದ ದಿನ ಅದರ ಮೇಲೆ ತಾರೀಕು ಬರೆದಿಡಿ. 20ನೇ ತಾರೀಕಿಗೇ ಖಾಲಿಯಾದರೆ ಎಲ್ಲಿ ಹೋಯಿತು ಅಂತ ಹುಡುಕಬಹುದು. ಹೆಚ್ಚಿನ ಸಲ ಸಿಗುವ ಉತ್ತರ ಮೀನಿನ ಕಾವಲಿ.

ರವೆ ಹಚ್ಚಿ ಕಾಯಿಸಿದ ಮೀನು ಎಣ್ಣೆ ಕುಡಿಯುತ್ತದೆ. ರವೆ ಬಿಡಿ, ದಪ್ಪ ಮಸಾಲೆ ಮಾತ್ರ ಹಚ್ಚಿ ಅರ್ಧ ಗಂಟೆ ಇಡಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಎರಡು ಬಂಗುಡೆಗೆ ಒಂದು ಚಿಕ್ಕ ಚಮಚ ಎಣ್ಣೆ ಸವರಿ ಮೀನಿಟ್ಟು, ಉರಿ ಮಧ್ಯಮಕ್ಕೆ ತನ್ನಿ. ನಾಲ್ಕೈದು ನಿಮಿಷ ಮುಟ್ಟಬೇಡಿ. ಅವಸರದಲ್ಲಿ ಮಗುಚಿದರೆ ಚರ್ಮ ಕಾವಲಿಗೆ ಅಂಟುತ್ತದೆ, ಬಿಡಿಸಲು ಮತ್ತೆ ಎಣ್ಣೆ ಸುರಿಯುತ್ತೇವೆ. ಅಡಿ ಬೆಂದ ಮೀನು ತಾನಾಗಿ ಏಳುತ್ತದೆ, ಅಂಚನ್ನು ಚಟ್ಟುಗದಿಂದ ಮೆಲ್ಲಗೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಬೂತಾಯಿ ಇನ್ನೂ ಬೇಗ ಆಗುತ್ತದೆ.

ಇನ್ನು ಅಕ್ಕಿ. ಕುಚ್ಚಲಕ್ಕಿ ತಿಂದರೆ ತೂಕ ಬರುವುದಿಲ್ಲ ಅನ್ನುವವರಿದ್ದಾರೆ. ತೌಡು ಉಳಿದ ಕೆಂಪು ಕುಚ್ಚಲಕ್ಕಿಯಲ್ಲಿ ನಾರು ಹೆಚ್ಚು, ಭತ್ತ ಕುದಿಸುವಾಗ ಬಿ ವಿಟಮಿನ್‌ಗಳು ಕಾಳಿನ ಒಳಕ್ಕೆ ಇಳಿಯುತ್ತವೆ, ಜಗಿಯಲು ಹೊತ್ತು ಬೇಕು. ಇಷ್ಟೆಲ್ಲ ಒಳ್ಳೆಯದಿದ್ದರೂ ಕ್ಯಾಲೊರಿಯಲ್ಲಿ ಅದು ಬೆಳ್ತಿಗೆಗಿಂತ ಹೇಳುವಷ್ಟು ಕಡಿಮೆಯಲ್ಲ. ಅಕ್ಕಿ ಅಳೆಯುವ ಕುಡ್ತೆ ಮನೆಯಿಂದ ಮನೆಗೆ ಬೇರೆ. ನಿಮ್ಮ ಮನೆಯ ಕುಡ್ತೆಯಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಅಂತ ಒಮ್ಮೆ ತೂಗಿ, ಅಡುಗೆಮನೆ ಗೋಡೆಯಲ್ಲಿ ಬರೆದಿಡಿ. ಹೆಚ್ಚು ಮೈಮುರಿದು ದುಡಿಯದವರಿಗೆ ಒಂದು ಊಟಕ್ಕೆ 60 ಗ್ರಾಂ ಅಕ್ಕಿ ಸಾಕು. ಅನ್ನ ಇಳಿದ ಜಾಗಕ್ಕೆ ತರಕಾರಿ ಬರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ದಿನದ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ. ಬಸಳೆ, ಹರಿವೆ, ಪಡುವಲ, ಮಟ್ಟು ಗುಳ್ಳ ಇರುವ ಊರಿನಲ್ಲಿ ಇದು ಕಷ್ಟವಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರ ಹತ್ತಿರ ಡೋಸಿನ ಬಗ್ಗೆ ಮಾತಾಡಿಯೇ ಅನ್ನ ಇಳಿಸಬೇಕು. ಇಲ್ಲದಿದ್ದರೆ ಸಕ್ಕರೆ ತೀರಾ ಕೆಳಗೆ ಬಿದ್ದು ತಲೆಸುತ್ತು ಬಂದೀತು.

ಬೆಳಗ್ಗಿನ ಗಂಜಿ ಒಳ್ಳೆಯದೇ. ಆದರೆ ಗಂಜಿ, ಉಪ್ಪಿನಕಾಯಿ ಅಷ್ಟೇ ಆದರೆ ಹತ್ತೂವರೆಗೆ ಹಸಿವಾಗುತ್ತದೆ, ಅದರಲ್ಲಿ ಪ್ರೋಟೀನ್ ಸಾಲದು. ತಲೆಗೆ 40 ಗ್ರಾಂ ಕುಚ್ಚಲಕ್ಕಿಗೆ 25 ಗ್ರಾಂ ಪದೆಂಗಿ, ಅಂದರೆ ಹೆಸರುಕಾಳು, ಹಾಕಿ. ಕಾಳನ್ನು ರಾತ್ರಿ ನೆನೆಸಿ, ಅಕ್ಕಿ ಅರ್ಧ ಬೆಂದ ಮೇಲೆ ಸೇರಿಸಿ. ಒಟ್ಟಿಗೆ ಹಾಕಿದರೆ ಅಕ್ಕಿ ಬೇಯುವಷ್ಟರಲ್ಲಿ ಕಾಳು ಕರಗಿ ಹೋಗುತ್ತದೆ. ಹುರುಳಿ ಸಾರು, ಮೊಟ್ಟೆ ಯಾವುದಾದರೂ ಪಕ್ಕದಲ್ಲಿದ್ದರೂ ಆಗುತ್ತದೆ. ನೀರುದೋಸೆಯ ವಿಷಯ ಇದಕ್ಕೆ ಉಲ್ಟಾ. ಹೆಸರಿನಲ್ಲೇ ನೀರಿದೆ, ಬಾಯಲ್ಲಿ ಕರಗುತ್ತದೆ, ಎಣಿಕೆ ತಪ್ಪುತ್ತದೆ. ಆರು ದೋಸೆಗೆ ಸುಮಾರು 120 ಗ್ರಾಂ ಅಕ್ಕಿ ಹೋಗಿರುತ್ತದೆ, ಅದರ ಮೇಲೆ ಕಾಯಿಬೆಲ್ಲ. ಮೂರು ದೋಸೆಗೆ ಹುರುಳಿ ಹಾಕಿದ ಬಸಳೆ ಪದಾರ್ಥ ಇಟ್ಟರೆ ಹೊಟ್ಟೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ.

ಸಂಜೆ ನಾಲ್ಕರ ಚಾ. ಎರಡು ಚಮಚ ಸಕ್ಕರೆಯ ಮೂರು ಚಾ ಕುಡಿದರೆ ದಿನಕ್ಕೆ ಸುಮಾರು 30 ಗ್ರಾಂ ಸಕ್ಕರೆ. ಒಂದೇ ಸಲ ನಿಲ್ಲಿಸಬೇಡಿ, ವಾರಕ್ಕೆ ಕಾಲು ಚಮಚದಂತೆ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ. ಗೋಳಿಬಜೆ, ಬನ್ಸ್‌ನಂಥ ಕರಿದ ತಿಂಡಿ ಜನ್ಮದಲ್ಲಿ ತಿನ್ನಬಾರದು ಅನ್ನುವುದು ನಮ್ಮ ಅಭಿಪ್ರಾಯವಲ್ಲ. ಊಟವಾಗಿ ಮೂರು ಗಂಟೆಯಲ್ಲಿ ಅದರ ಮೇಲೆ ತಿನ್ನುವುದು ತೊಂದರೆ. ಭಾನುವಾರ ಬೆಳಿಗ್ಗೆ ಅದನ್ನೇ ತಿಂಡಿಯಾಗಿ ತಿನ್ನಿ. ಪುನರ್ಪುಳಿ (ಕೋಕಂ) ಶರಬತ್ತು ಒಳ್ಳೆಯದು ಅಂತ ಬಾಟಲಿಯ ಸಿರಪ್ ಕುಡಿಯುವವರು ಗಮನಿಸಿ, ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆ. ಒಣ ಸಿಪ್ಪೆ ಆರೇಳು ತುಂಡು ನೆನೆಸಿ ಕಿವುಚಿ, ಉಪ್ಪು, ಜೀರಿಗೆ ಹಾಕಿದರೆ ಸಾಕು.

ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ಬರಿಹೊಟ್ಟೆಯಲ್ಲಿ ನೋಡಿ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇದ್ದಾಗ ಒಣಮೀನು, ಹಪ್ಪಳ ಹೆಚ್ಚುತ್ತದೆ. ಆ ಉಪ್ಪಿಗೆ ಮೈಯಲ್ಲಿ ನೀರು ನಿಂತು ಮುಳ್ಳು ಒಂದು ಕಿಲೋ ಮೇಲೆ ಹೋದರೆ ಗಾಬರಿ ಬೇಡ. ಒಣಮೀನನ್ನು ನೆನೆಸಿ ಎರಡು ಸಲ ತೊಳೆಯಿರಿ. ರಕ್ತದೊತ್ತಡ ಇರುವವರು ಅದನ್ನು ದೂರವೇ ಇಡಿ, ಆ ತಿಂಗಳುಗಳಲ್ಲಿ ಮೊಟ್ಟೆ, ಹುರುಳಿ ಹೆಚ್ಚಿಸಿ.

ಕೊನೆಗೆ, ಅಡುಗೆ ಮಾಡುವವರ ಊಟ. ಎಲ್ಲರಿಗೂ ಬಡಿಸಿ ತಾವು ಕೂರುವಾಗ ಎರಡೂವರೆ ಆಗಿರುತ್ತದೆ. ಮೀನಿನ ತಲೆ, ತಳದ ಗಸಿ, ಪಾತ್ರೆಯಲ್ಲಿ ಉಳಿದ ಅನ್ನ, ಮಕ್ಕಳು ಬಿಟ್ಟ ದೋಸೆಯ ತುಂಡು ಅವರ ಪಾಲಿಗೆ. ಪಲ್ಯ ಮುಗಿದಿರುತ್ತದೆ. ಹಾಳಾಗಬಾರದು ಅಂತ ತಿಂದದ್ದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಬಡಿಸುವ ಮೊದಲೇ ಅವರ ಮೀನು, ಅವರ ಪಲ್ಯ, ಅವರ ಅನ್ನವನ್ನು ಬೇರೆ ಬಟ್ಟಲಲ್ಲಿ ತೆಗೆದು ಮುಚ್ಚಿಡಿ. ಉಳಿದ ಅನ್ನಕ್ಕೆ ನೀರು ಹಾಕಿದರೆ ಮರುದಿನ ಬೆಳಿಗ್ಗೆ ಮಜ್ಜಿಗೆ ಬೆರೆಸಿ ಎಲ್ಲರೂ ಉಣ್ಣಬಹುದು.