ಶೆಲ್‌ನ ಮೂತಿಯಲ್ಲೊಂದು ರೇಡಿಯೋ: ಎರಡನೇ ಮಹಾಯುದ್ಧದ ಗುಟ್ಟಿನ ಫ್ಯೂಸ್

[ದೃಶ್ಯ: ಹಳೆಯ ಫುಟೇಜ್. ರಾತ್ರಿಯ ಆಕಾಶಕ್ಕೆ ಗುಂಡು ಹಾರಿಸುತ್ತಿರುವ ಫಿರಂಗಿಗಳು]

ಎರಡನೇ ಮಹಾಯುದ್ಧ ಶುರುವಾದಾಗ, ಹಾರುವ ವಿಮಾನವನ್ನು ಫಿರಂಗಿಯಿಂದ ಬೀಳಿಸುವುದು ಹೆಚ್ಚುಕಡಿಮೆ ಅದೃಷ್ಟದ ಆಟ. ಫಿರಂಗಿಯ ಸಿಡಿಗುಂಡು, ಅಂದರೆ ಶೆಲ್, ನೇರವಾಗಿ ತಗಲುವುದೇ ಅಪರೂಪ. ಅದಕ್ಕೇ ಶೆಲ್ಲಿಗೆ ಟೈಮ್ ಫ್ಯೂಸ್ ಹಾಕುತ್ತಿದ್ದರು. ಫ್ಯೂಸ್ ಅಂದರೆ ಇಲ್ಲಿ ಶೆಲ್ಲನ್ನು ಸಿಡಿಸುವ ಸಾಧನ. ವಿಮಾನದ ಎತ್ತರ, ವೇಗ ಎಲ್ಲ ಲೆಕ್ಕ ಹಾಕಿ, ಇಷ್ಟು ಸೆಕೆಂಡಿಗೆ ಸಿಡಿಯಲಿ ಅಂತ ಮೊದಲೇ ಸೆಟ್ ಮಾಡಬೇಕು. ಲೆಕ್ಕ ಒಂದು ಚೂರು ತಪ್ಪಿದರೂ ಶೆಲ್ ಎಲ್ಲೋ ದೂರದಲ್ಲಿ ಸುಮ್ನೆ ಸಿಡಿದು ಹೋಗುತ್ತದೆ.

ಹಾಗಾದರೆ ಯಾವಾಗ ಸಿಡಿಯಬೇಕು ಅನ್ನೋದನ್ನ ಶೆಲ್ಲಿಗೇ ಬಿಟ್ಟರೆ?

ಈ ಯೋಚನೆ ಬ್ರಿಟಿಷರದು. 1940ರಲ್ಲಿ ವಿಜ್ಞಾನಿ ಹೆನ್ರಿ ಟಿಜಾರ್ಡ್ ನೇತೃತ್ವದ ಬ್ರಿಟಿಷ್ ನಿಯೋಗ ಇದನ್ನು ಅಮೆರಿಕಕ್ಕೆ ಒಯ್ದಿತು. ಅಲ್ಲಿ ಮರ್ಲ್ ಟ್ಯೂವ್ ಎಂಬ ಭೌತವಿಜ್ಞಾನಿಯ ತಂಡ ಕೆಲಸಕ್ಕೆ ಇಳಿಯಿತು.

[ಗ್ರಾಫಿಕ್ಸ್: ಶೆಲ್‌ನಿಂದ ಹೊರಟ ಅಲೆ ವಿಮಾನಕ್ಕೆ ಬಡಿದು ವಾಪಸ್ ಬರುವುದು]

ಶೆಲ್‌ನ ಮೂತಿಯಲ್ಲಿ ಒಂದು ಪುಟ್ಟ ರೇಡಿಯೋ. ಅದು ಅಲೆಗಳನ್ನು ಬಿಡುತ್ತಲೇ ಹೋಗುತ್ತದೆ. ವಿಮಾನಕ್ಕೆ ಬಡಿದು ವಾಪಸ್ ಬಂದ ಅಲೆ, ಹೊರಡುತ್ತಿರುವ ಅಲೆಯ ಜೊತೆ ಬೆರೆಯುತ್ತದೆ. ಹತ್ತಿರ ಹೋದಷ್ಟೂ ಆ ಸಿಗ್ನಲ್ ಜೋರಾಗುತ್ತದೆ. ಒಂದು ಮಟ್ಟ ದಾಟಿತೋ, ಢಮಾರ್!

ಕೇಳೋಕೆ ಸುಲಭ ಅಲ್ವಾ? ಆದರೆ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ. ಆ ಕೆಲಸಕ್ಕೆ ಇದ್ದದ್ದು ಪುಟ್ಟ ಬಲ್ಬಿನಂಥ ಗಾಜಿನ ವಾಲ್ವ್. ಅಜ್ಜನ ಕಾಲದ ವಾಲ್ವ್ ರೇಡಿಯೋ ಮೇಜಿನಿಂದ ಬಿದ್ದರೇ ಕಥೆ ಮುಗಿಯಿತು. ಇಲ್ಲಿ ಫಿರಂಗಿಯಿಂದ ಹೊರಡುವಾಗ ಗುರುತ್ವದ ಸುಮಾರು 20,000 ಪಟ್ಟು ಹೊಡೆತ! ಕಿವುಡರ ಶ್ರವಣಯಂತ್ರಕ್ಕೆ ಅಂತ ಮಾಡಿದ್ದ ಚಿಕ್ಕ ವಾಲ್ವ್‌ಗಳನ್ನು ಗಟ್ಟಿಮಾಡಿ, ಆಕಾಶಕ್ಕೆ ಹಾರಿಸಿ, ನೆಲಕ್ಕೆ ಬಿದ್ದಿದ್ದನ್ನು ಅಗೆದು ತೆಗೆದು, ಏನು ಒಡೆಯಿತು ಅಂತ ನೋಡುತ್ತಿದ್ದರು. ಮತ್ತೆ ಸರಿಮಾಡಿ, ಮತ್ತೆ ಹಾರಿಸುವುದು.

ನನಗೆ ಜಾಸ್ತಿ ಇಷ್ಟವಾಗಿದ್ದು ಬ್ಯಾಟರಿ. ಮಾಮೂಲಿ ಬ್ಯಾಟರಿ ಗೋದಾಮಿನಲ್ಲೇ ಸತ್ತುಹೋಗುತ್ತಿತ್ತು. ಅದಕ್ಕೆ ಬ್ಯಾಟರಿಯ ದ್ರವವನ್ನೇ ಬೇರೆ ಗಾಜಿನ ಕೊಳವೆಯಲ್ಲಿ ತುಂಬಿಟ್ಟರು. ಗುಂಡು ಹಾರಿದ ಹೊಡೆತಕ್ಕೆ ಆ ಗಾಜು ಒಡೆಯುತ್ತದೆ. ಶೆಲ್ ಗಿರಗಿರ ತಿರುಗುವ ರಭಸಕ್ಕೆ ದ್ರವ ಪ್ಲೇಟ್‌ಗಳ ಮಧ್ಯೆ ಹರಡಿ ಕರೆಂಟ್ ಬರುತ್ತದೆ. ಯಾವ ಹೊಡೆತ ವಾಲ್ವ್‌ಗೆ ಶತ್ರುವೋ, ಅದೇ ಇಲ್ಲಿ ಸ್ವಿಚ್ಚು.

1942ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ಎಂಬ ಅಮೆರಿಕದ ಯುದ್ಧನೌಕೆಯಲ್ಲಿ ಪರೀಕ್ಷೆ. ಹೊಡೆಯಲು ಇದ್ದದ್ದೇ ಪೈಲಟ್ ಇಲ್ಲದ ಮೂರು ವಿಮಾನ, ಅಂದರೆ ಡ್ರೋನ್. ನಾಲ್ಕೇ ಶೆಲ್‌ಗೆ ಮೂರೂ ಬಿದ್ದವು. ಪರೀಕ್ಷೆ ಅಲ್ಲಿಗೇ ಮುಗಿಯಿತು! 1943ರ ಜನವರಿ 5ರಂದು ಪೆಸಿಫಿಕ್ ಸಾಗರದ ದ್ವೀಪ ಗ್ವಾಡಲ್‌ಕೆನಾಲ್ ಹತ್ತಿರ ಅಮೆರಿಕದ ಹೆಲೆನಾ ನೌಕೆ ಇದೇ ಫ್ಯೂಸ್‌ನಿಂದ ಜಪಾನಿನ ಬಾಂಬರ್ ಒಂದನ್ನು ಉರುಳಿಸಿತು.

[ದೃಶ್ಯ: ಇಂಗ್ಲೆಂಡಿನ ದಕ್ಷಿಣ ಕರಾವಳಿಯ ನಕ್ಷೆ]

ಆದರೂ ಮೊದಮೊದಲು ಸಮುದ್ರದ ಮೇಲೆ ಮಾತ್ರ ಬಳಸಬೇಕು ಅಂತ ಕಟ್ಟಪ್ಪಣೆ. ನೆಲದ ಮೇಲೆ ಒಂದು ಸಿಡಿಯದೆ ಬಿದ್ದು ಜರ್ಮನ್ನರ ಕೈಗೆ ಸಿಕ್ಕರೆ, ಬಿಚ್ಚಿ ನೋಡಿ ನಕಲು ಮಾಡಿಬಿಡುತ್ತಾರೆ ಅನ್ನೋ ಭಯ. 1944ರಲ್ಲಿ ಜರ್ಮನಿಯ ವಿ-1 ಹಾರುವ ಬಾಂಬ್‌ಗಳು ಲಂಡನ್ ಕಡೆ ಬರತೊಡಗಿದವು. ಆಗ ಈ ಫ್ಯೂಸ್ ಹಾಕಿದ ಶೆಲ್ಲುಗಳನ್ನು ಸಮುದ್ರದ ಮೇಲೆ ಹಾರಿಸುವ ಹಾಗೆ ಫಿರಂಗಿಗಳನ್ನು ಕರಾವಳಿಗೇ ಸಾಗಿಸಿದರು. ಆಗಸ್ಟ್ 28ರಂದು 90ಕ್ಕೂ ಹೆಚ್ಚು ವಿ-1 ಬಂದವು. ಲಂಡನ್ ತಲುಪಿದ್ದು 4. ಇದರ ಶ್ರೇಯಸ್ಸನ್ನು ಫ್ಯೂಸ್ ಒಂದಕ್ಕೇ ಕೊಡುವುದು ತಪ್ಪು. ಗುರಿ ಹಿಡಿಯುವ ಹೊಸ ರಾಡಾರ್, ಲೆಕ್ಕ ಹಾಕುವ ಯಂತ್ರ, ಫೈಟರ್ ವಿಮಾನಗಳು ಎಲ್ಲ ಸೇರಿ ಆಗಿದ್ದು ಅದು.

ಅದೇ ಡಿಸೆಂಬರ್‌ನಲ್ಲಿ, ಬೆಲ್ಜಿಯಂನ ಆರ್ಡೆನ್ಸ್ ಕಾಡಿನ ಕಾಳಗದಲ್ಲಿ, ನೆಲದ ಮೇಲೂ ಬಳಸಲು ಅನುಮತಿ ಸಿಕ್ಕಿತು. ವಿಮಾನದ ಬದಲು ಈಗ ಅಲೆ ಬಡಿಯುವುದು ನೆಲಕ್ಕೆ. ಶೆಲ್ ಸೈನಿಕರ ತಲೆಯ ಮೇಲೆ, ಗಾಳಿಯಲ್ಲೇ ಸಿಡಿದು, ಚೂರುಗಳು ಕೆಳಕ್ಕೆ ಸುರಿಯುತ್ತವೆ. ಅಲ್ಲಿಯವರೆಗೆ ಪ್ರಾಣ ಉಳಿಸುತ್ತಿದ್ದ ಕಂದಕದಲ್ಲಿ ಮಲಗಿದರೂ ತಪ್ಪಿಸಿಕೊಳ್ಳುವುದು ಕಷ್ಟವಾಯಿತು.