ಕ್ಯಾಮೆರಾ ಯಾರ ಕೈಯಲ್ಲಿತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಶಿರಸಿಯಲ್ಲಿ 22 ವರ್ಷ ಕಲರ್ ಲ್ಯಾಬ್ ನಡೆಸಿದವನು. ಈಗ ಹುಡುಗರಿಗೆ ಫೋಟೊಗ್ರಫಿಯ ಚರಿತ್ರೆ ಹೇಳಿಕೊಡುತ್ತೇನೆ. ಅಮೆರಿಕದ ಕಪ್ಪು ಜನರ ಮೈ, ಮುಖ ಆ ದೇಶದ ಚಿತ್ರಗಳಲ್ಲಿ ಹೇಗೆ ಮೂಡಿತು, ನೋಡಿದವರು ಅದನ್ನು ಹೇಗೆ ಕಂಡರು, ಇದರ ಬಗ್ಗೆ ಮಾತಾಡಿ ಅಂತ ಬಾನುಲಿಯವರು ಕರೆದಿದ್ದಾರೆ. ಫೋಟೊ ಅಂಗಡಿಯವನಿಗೆ ಅಮೆರಿಕದ ಉಸಾಬರಿ ಯಾಕೆ ಅಂತ ನಮ್ಮ ಮನೆಯಲ್ಲೇ ಕೇಳಿದರು. ಅದಕ್ಕೆ ಕಾರಣ ಒಂದು ಮದುವೆ ಆಲ್ಬಮ್. ಅದನ್ನು ಮೊದಲು ಹೇಳಿಬಿಡುತ್ತೇನೆ.

1994ರ ಸುಮಾರು. ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಒಂದು ಸಿದ್ದಿ ಕುಟುಂಬದ ಮದುವೆಯ ರೋಲು ಪ್ರಿಂಟಿಗೆ ಬಂತು. ಚರ್ಚಿನಲ್ಲಿ ನಡೆದ ಮದುವೆ, ಮದುಮಗಳಿಗೆ ಬಿಳಿ ಗೌನು. ಪ್ರಿಂಟ್ ಹೊರಗೆ ಬಂದಾಗ ಗೌನಿನ ನೆರಿಗೆಗಳನ್ನು ಎಣಿಸಬಹುದಿತ್ತು. ಮುಖ ಮಾತ್ರ ಇರಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಮಸಿ, ಮಸಿಯ ನಡುವೆ ಎರಡು ಕಣ್ಣು, ಒಂದು ಸಾಲು ಹಲ್ಲು. ಹುಡುಗಿಯ ತಾಯಿ ಒಂದೊಂದೇ ಫೋಟೊ ತಿರುಗಿಸಿ ನೋಡಿದರು. "ಅಣ್ಣಾ, ಬಟ್ಟೆ ಚೆಂದ ಬಂದಿದೆ. ನನ್ನ ಮಗಳು ಎಲ್ಲಿ?" ಅಂದರು.

ನಾನು ಏನು ಹೇಳಿದೆ ಗೊತ್ತಾ? "ಬಣ್ಣವೇ ಹಾಗಲ್ವಾ ಅಮ್ಮಾ, ಮಷೀನು ಏನು ಮಾಡುತ್ತೆ" ಅಂದೆ. ಅವರು ದುಡ್ಡು ಕೊಟ್ಟು ಹೋದರು. ಚೌಕಾಸಿ ಕೂಡ ಮಾಡಲಿಲ್ಲ.

ಆ ಮಷೀನಿನ ಪಕ್ಕದ ಗೋಡೆಗೆ, ಬಣ್ಣ ಹೊಂದಿಸಿಕೊಳ್ಳಲು ಅಂತ, ಒಬ್ಬಳು ಬಿಳಿ ಹೆಂಗಸಿನ ಫೋಟೊ ಅಂಟಿಸಿದ್ದೆ. ಅವಳ ಕೆನ್ನೆ ಸರಿ ಬಂತು ಅಂದರೆ ಲೋಕವೆಲ್ಲ ಸರಿ ಬಂತು ಅಂತ ನನ್ನ ಲೆಕ್ಕ. ಅವಳು ಯಾರು, ನಮ್ಮ ಅಂಗಡಿ ಗೋಡೆಗೆ ಯಾಕೆ ಬಂದಳು ಅಂತ ಒಂದು ದಿನವೂ ಕೇಳಿರಲಿಲ್ಲ. ಆವತ್ತು ಕೇಳಿಕೊಂಡೆ. ಹುಡುಕುತ್ತಾ ಹೋಗಿ ಅಮೆರಿಕ ಮುಟ್ಟಿದೆ. ಪುಸ್ತಕದಲ್ಲಿ ಮುಟ್ಟಿದ್ದು ಬಿಡಿ, ಪಾಸ್‌ಪೋರ್ಟ್ ಈಗಲೂ ಮಾಡಿಸಿಲ್ಲ.

ಅಲ್ಲಿಂದ ನಾನು ಕಟ್ಟಿಕೊಂಡು ಬಂದದ್ದು ಒಂದೇ ಪ್ರಶ್ನೆ. ಕ್ಯಾಮೆರಾ ಯಾರ ಕೈಯಲ್ಲಿತ್ತು? ಇವತ್ತು ಬೇರೇನು ಮರೆತರೂ ಇದೊಂದು ನೆನಪಿರಲಿ. ಬಟನ್ ಒತ್ತಿದವರು ಯಾರು ಅಂತ ನಾನು ಕೇಳುತ್ತಿಲ್ಲ. ಚಿತ್ರ ಬೇಕು ಅಂದವರು ಯಾರು? ಹೀಗೇ ಕೂರಬೇಕು ಅಂದವರು ಯಾರು? ಆಮೇಲೆ ಅದು ಯಾರ ಪೆಟ್ಟಿಗೆ ಸೇರಿತು?

1850, ಮಾರ್ಚ್ ತಿಂಗಳು. ಸೌತ್ ಕ್ಯಾರೊಲಿನಾ ರಾಜ್ಯದ ಕೊಲಂಬಿಯಾ ಊರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಲೂಯಿ ಅಗಾಸಿ ಆ ಕಾಲದ ಬಹು ದೊಡ್ಡ ವಿಜ್ಞಾನಿ. ಸ್ವಿಟ್ಜರ್ಲೆಂಡಿನಿಂದ ಬಂದವರು. ಮೀನುಗಳ ಬಗ್ಗೆ, ಹಿಮನದಿಗಳ ಬಗ್ಗೆ ಜಗತ್ತಿಗೇ ಪಾಠ ಹೇಳಿದವರು. ಅಷ್ಟು ಓದಿದ ಮನುಷ್ಯನಿಗೆ ಒಂದು ಕೆಟ್ಟ ನಂಬಿಕೆ. ಕಪ್ಪು ಜನ, ಬಿಳಿ ಜನ ಒಂದೇ ಬೇರಿನವರಲ್ಲ, ಬೇರೆ ಬೇರೆಯಾಗಿಯೇ ಸೃಷ್ಟಿಯಾದವರು ಅಂತ. ಇದಕ್ಕೆ ಸಾಕ್ಷಿ ಬೇಕಿತ್ತು. ಅವರಿಗೋಸ್ಕರ ಆ ಊರಿನ ಒಬ್ಬ ಡಾಕ್ಟರು ಏರ್ಪಾಡು ಮಾಡಿದರು. ಜೋಸೆಫ್ ಜೀಲಿ ಎಂಬವರ ಸ್ಟುಡಿಯೋಗೆ ಗುಲಾಮರಾಗಿದ್ದ 7 ಜನರನ್ನು ಕರೆದೊಯ್ದರು. ಐವರು ಗಂಡಸರು, ಇಬ್ಬರು ಹೆಣ್ಣುಮಕ್ಕಳು. ಬಟ್ಟೆ ಬಿಚ್ಚಿಸಿದರು. ಎದುರಿನಿಂದ, ಪಕ್ಕದಿಂದ ಚಿತ್ರ ತೆಗೆದರು. ಸಂತೆಯಲ್ಲಿ ಎತ್ತಿನ ಸುತ್ತ ತಿರುಗಿ ನೋಡುತ್ತಾರಲ್ಲ, ಹಾಗೆ.

ಆಗಿನ ಫೋಟೊ ಕಾಗದದ ಮೇಲಲ್ಲ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುತ್ತಿತ್ತು. ಇಂಥ 15 ತಗಡುಗಳು ಉಳಿದಿವೆ. ಅವುಗಳಲ್ಲಿ ರೆಂಟಿ ಎಂಬ ಮುದುಕರಿದ್ದಾರೆ. ಅವರ ಮಗಳು ಡೇಲಿಯಾ ಇದ್ದಾಳೆ. ರೆಂಟಿಯ ಕಣ್ಣು ನೇರವಾಗಿ ನಿಮ್ಮನ್ನೇ ನೋಡುತ್ತದೆ. ಇವರಿಗೆ ಬೇಡ ಅನ್ನುವ ಹಕ್ಕು ಇರಲಿಲ್ಲ. ಚಿತ್ರ ಕೂಡ ಇವರದಾಗಲಿಲ್ಲ, ಹಾರ್ವರ್ಡ್ ಸೇರಿತು. ಈ ತಗಡುಗಳ ಕತೆ ಇಲ್ಲಿಗೆ ಮುಗಿಯುವುದಿಲ್ಲ, ಕೊನೆಗೆ ಬರುತ್ತೇನೆ.

ಈಗ ನನ್ನ ಮೆಚ್ಚಿನ ಮನುಷ್ಯ. ಫ್ರೆಡರಿಕ್ ಡಗ್ಲಸ್, ಗುಲಾಮಗಿರಿಯ ವಿರುದ್ಧ ಮಾತಾಡಿದ, ಬರೆದ ಕಪ್ಪು ನಾಯಕ. ಇವರ ಬಗ್ಗೆ ಬಾಯಿ ಬಿಟ್ಟರೆ ನಾನು ನಿಲ್ಲಿಸುವುದಿಲ್ಲ ಅಂತ ನನ್ನ ವಿದ್ಯಾರ್ಥಿಗಳು ದೂರುತ್ತಾರೆ. ದೂರಲಿ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಫೋಟೊ ತೆಗೆಸಿಕೊಂಡವರು ಯಾರಿರಬಹುದು? ಲಿಂಕನ್ ಅಂತೀರಿ. ಲಿಂಕನ್ ಅವರದು 126 ಚಿತ್ರ. ಡಗ್ಲಸ್ ಅವರದು ಸುಮಾರು 160. 1818ರಲ್ಲಿ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿದವರು. ಹುಟ್ಟಿದ ದಿನ ಯಾವುದು ಅಂತ ಅವರಿಗೇ ಗೊತ್ತಿರಲಿಲ್ಲ. 1838ರಲ್ಲಿ ತಪ್ಪಿಸಿಕೊಂಡು, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ಬಂದರು. ಮೂರು ವರ್ಷ ಕಳೆಯುವಷ್ಟರಲ್ಲಿ ಕ್ಯಾಮೆರಾ ಮುಂದೆ ಕೂತಿದ್ದರು. ಅಲ್ಲಿಂದ 1895ರಲ್ಲಿ ಸಾಯುವವರೆಗೂ ಕೂರುತ್ತಲೇ ಇದ್ದರು. ಯಾವ ಊರಿಗೆ ಭಾಷಣಕ್ಕೆ ಹೋದರೂ ಅಲ್ಲಿನ ಸ್ಟುಡಿಯೋಗೊಂದು ಭೇಟಿ ಇದ್ದೇ ಇತ್ತು ಅನ್ನಿಸುವಷ್ಟು ಚಿತ್ರಗಳಿವೆ.

ಜಂಬಕ್ಕೆ ತೆಗೆಸಿಕೊಂಡರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಆ ಕಾಲದಲ್ಲಿ ಅವರ ಜನರ ಮುಖ ಎಲ್ಲೆಲ್ಲಿ ಕಾಣುತ್ತಿತ್ತು, ನೋಡಿ. ಒಂದು, ಓಡಿಹೋದ ಗುಲಾಮನನ್ನು ಹಿಡಿದುಕೊಡಿ ಅನ್ನುವ ಜಾಹೀರಾತಿನಲ್ಲಿ. ಅದರಲ್ಲಿ ಮುಖವೂ ಇರುತ್ತಿರಲಿಲ್ಲ, ಗಂಟು ಹೊತ್ತು ಓಡುವ ಒಂದು ಗೊಂಬೆ, ಎಲ್ಲರಿಗೂ ಅದೇ ಅಚ್ಚು. ಇನ್ನೊಂದು, ನಾಟಕದ ಸ್ಟೇಜಿನಲ್ಲಿ. ಅಲ್ಲಿ ಬಿಳಿಯರೇ ಸುಟ್ಟ ಬೆಂಡಿನ ಮಸಿ ಬಳಿದುಕೊಂಡು, ತುಟಿ ದಪ್ಪ ಮಾಡಿಕೊಂಡು ಪೆದ್ದು ಪೆದ್ದಾಗಿ ಕುಣಿಯುತ್ತಿದ್ದರು. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ನಟ ಕುಣಿದ ಅಂಥ ಒಂದು ಪಾತ್ರದ ಹೆಸರು ಜಿಮ್ ಕ್ರೋ. ಮುಂದೆ ಕಪ್ಪು ಜನರನ್ನು ರೈಲಿನಲ್ಲಿ, ಶಾಲೆಯಲ್ಲಿ ಬೇರೆ ಕೂರಿಸಿದ ಕಾನೂನುಗಳಿಗೆ ಅದೇ ಹೆಸರು ಅಂಟಿತು. ಒಂದು ನಗೆಪಾಟಲಿನ ವೇಷ ಕಾನೂನಿಗೆ ಹೆಸರಾಯಿತು! ಪ್ರಕೃತಿ ತಮಗೆ ಕೊಡದ ಬಣ್ಣವನ್ನು ನಮ್ಮಿಂದ ಕದ್ದು ಕಾಸು ಮಾಡಿಕೊಳ್ಳುವವರು ಅಂತ ಡಗ್ಲಸ್ ತಮ್ಮ ಪತ್ರಿಕೆಯಲ್ಲಿ ಈ ವೇಷಗಾರರನ್ನು ಝಾಡಿಸಿದ್ದರು.

ಇನ್ನೊಂದು ಸಂಗತಿ ಕೇಳಿ. ಇಂಗ್ಲೆಂಡಿನಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಇವರ ಚಿತ್ರ ಬಂತು. ಫೋಟೊ ಅಲ್ಲ, ಕೊರೆದು ಅಚ್ಚು ಹಾಕಿದ್ದು. ಪುಸ್ತಕ ಬರೆದವರು ಕಪ್ಪು ಜನರ ಪರವೇ ಇದ್ದವರು. ಆದರೆ ಚಿತ್ರದಲ್ಲಿ ಡಗ್ಲಸ್ ನಸುನಗುತ್ತಿದ್ದಾರೆ. ಅದು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ತಪ್ಪಿಸಿಕೊಂಡು ಬಂದ ಗುಲಾಮನ ಮುಖದಲ್ಲಿ ಇಷ್ಟೊಂದು ಸೌಮ್ಯ ಎಲ್ಲಿಂದ ಬರಬೇಕು ಅಂತ 1849ರಲ್ಲಿ ಬರೆದರು. ಬಿಳಿಯ ಕಲಾವಿದರ ಕೈಯಲ್ಲಿ ನಮ್ಮವರ ಮುಖ ಇದ್ದ ಹಾಗೆ ಬರುವುದೇ ಇಲ್ಲ ಅಂತಲೂ ಬರೆದರು. ನಮ್ಮ ಗುಲಾಮರು ಸುಖವಾಗಿದ್ದಾರೆ, ನೋಡಿ ಹೇಗೆ ನಗುತ್ತಾರೆ, ಅಂತ ತೋಟದ ಒಡೆಯರು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಹಾಗಾಗಿ ನಗು ಅಂದರೆ ಅವರಿಗೆ ಸುಮ್ನೆ ನಗು ಆಗಿರಲಿಲ್ಲ. ಅವರ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಇಸ್ತ್ರಿ ಮಾಡಿದ ಕೋಟು, ಬಿಗಿದ ತುಟಿ, ಸಿಂಹದ ಕೇಸರದಂಥ ಕೂದಲು. ವರ್ಷ ಹೋದ ಹಾಗೆ ಕೂದಲು ಬೆಳ್ಳಗಾಗುತ್ತದೆ. ನಗು ಮಾತ್ರ ಇಲ್ಲವೆನ್ನುವಷ್ಟು ಅಪರೂಪ.

1861ರ ಡಿಸೆಂಬರ್. ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿ ಏಳೆಂಟು ತಿಂಗಳು. ಬಾಸ್ಟನ್ನಿನ ಸಭೆಯಲ್ಲಿ ಡಗ್ಲಸ್ ಮಾತು. ಎಲ್ಲರ ತಲೆಯಲ್ಲೂ ಯುದ್ಧ. ಇವರು ಎದ್ದು ನಿಂತು ಫೋಟೊಗ್ರಫಿ ಬಗ್ಗೆ ಭಾಷಣ ಮಾಡಿದರು! ವಾರಕ್ಕೆ ಕೆಲವೇ ಶಿಲ್ಲಿಂಗ್ ದುಡಿಯುವ ಮನೆಗೆಲಸದ ಹುಡುಗಿ ಕೂಡ ಇವತ್ತು ತನ್ನ ಚಿತ್ರ ಇಟ್ಟುಕೊಳ್ಳಬಹುದು, ಐವತ್ತು ವರ್ಷದ ಹಿಂದೆ ರಾಣಿಯರಿಗೂ ಇಷ್ಟು ಚೆನ್ನಾಗಿ ಸಿಗುತ್ತಿರಲಿಲ್ಲ ಅಂದರು. ನನಗೆ ಇದನ್ನು ಓದಿದಾಗಲೆಲ್ಲ ನಮ್ಮ ಊರಿನ ಜಾತ್ರೆಯ ಸ್ಟುಡಿಯೋಗಳು ನೆನಪಾಗುತ್ತವೆ. ಪರದೆ, ಪ್ಲಾಸ್ಟಿಕ್ ಹೂದಾನಿ, ಕಡ ತಂದ ಕೋಟು. ಕೂತವರ ಮುಖದಲ್ಲಿ ಅದೇ ಗತ್ತು. ಡಗ್ಲಸ್ ಕ್ಯಾಮೆರಾ ಹಿಡಿದವರಲ್ಲ. ಆದರೆ ಆ 160 ಸಲವೂ ಕ್ಯಾಮೆರಾ ಅವರ ಕೈಯಲ್ಲಿತ್ತು. ರೆಂಟಿಯ ಚಿತ್ರದ ಪಕ್ಕ ಇವರದನ್ನು ಇಟ್ಟು ನೋಡಿ, ನಾನು ಹೇಳುವುದೇ ಬೇಡ.

ಗಾಜಿನ ಆಚೆಯಿಂದ ನಮ್ಮ ನಿರ್ಮಾಪಕರು ಬೆರಳು ತೋರಿಸುತ್ತಿದ್ದಾರೆ. ಸಮಯ ಡಗ್ಲಸ್ ತಿಂದುಬಿಟ್ಟರು. ಬೇಗ ಬೇಗ ಹೇಳುತ್ತೇನೆ.

ಸೊಜರ್ನರ್ ಟ್ರೂತ್. ಗುಲಾಮಳಾಗಿ ಹುಟ್ಟಿ, ಮುಂದೆ ಊರೂರು ಸುತ್ತಿ ಭಾಷಣ ಮಾಡಿದಾಕೆ. 1864ರಲ್ಲಿ ತನ್ನ ಫೋಟೊದ ಹಕ್ಕನ್ನು ತನ್ನ ಹೆಸರಿಗೇ ಬರೆಸಿಕೊಂಡಳು, ಸಭೆಗಳಲ್ಲಿ ಅದನ್ನು ಮಾರಿ ಖರ್ಚು ತೂಗಿಸಿದಳು. ಒಂದು ಕಾಲದಲ್ಲಿ ಬೇರೆಯವರು ಅವಳ ಮೈಯನ್ನೇ ಮಾರಿದ್ದರು. ಈಗ ಅವಳು ತನ್ನ ನೆರಳನ್ನು ತಾನೇ ಮಾರಿಕೊಂಡಳು.

1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಕಪ್ಪು ವಿದ್ವಾಂಸ ಡುಬಾಯ್ಸ್ 363 ಫೋಟೊಗಳ ಆಲ್ಬಮ್‌ಗಳನ್ನು ಕಟ್ಟಿದರು. ಜಾರ್ಜಿಯಾದ ಕಪ್ಪು ಜನ, ಅವರ ಮನೆ, ಅಂಗಡಿ, ಪಿಯಾನೊ, ಲೇಸಿನ ಕಾಲರು.

1955. ಶಿಕಾಗೋದ ಎಮ್ಮೆಟ್ ಟಿಲ್, 14 ವರ್ಷದ ಕಪ್ಪು ಹುಡುಗ. ಮಿಸಿಸಿಪ್ಪಿಯ ನೆಂಟರ ಮನೆಗೆ ಹೋಗಿದ್ದಾಗ ಬಿಳಿಯರು ಕೊಂದು ನದಿಗೆ ಎಸೆದರು. ಗುರುತೇ ಸಿಗದ ಆ ಮುಖವನ್ನು ತಾಯಿ ಮುಚ್ಚಲು ಬಿಡಲಿಲ್ಲ. ಶವಪೆಟ್ಟಿಗೆ ತೆರೆದೇ ಇಟ್ಟರು. ಕಪ್ಪು ಜನರದೇ ಪತ್ರಿಕೆಯಾದ ಜೆಟ್ ಆ ಫೋಟೊ ಅಚ್ಚು ಹಾಕಿತು. ಬಿಳಿಯರಷ್ಟೇ ಇದ್ದ ಜ್ಯೂರಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಫೋಟೊ ಬಿಡಲಿಲ್ಲ. ತೆಗೆಯಿರಿ ಅಂದದ್ದು ತಾಯಿ. ಅದನ್ನು ಗಮನಿಸಿ.

ಇನ್ನು ನನ್ನ ಗೋಡೆಯ ಹೆಂಗಸಿನ ವಿಷಯ. ಕ್ಯಾಮೆರಾ ಒಂದು ಯಂತ್ರ, ಅದಕ್ಕೇನು ಜಾತಿ ಮತ ಅಂತ ಕೇಳುವವರು ಪ್ರತಿ ವರ್ಷ ನನ್ನ ಕ್ಲಾಸಿನಲ್ಲಿ ಒಬ್ಬರಾದರೂ ಇರುತ್ತಾರೆ. ಸ್ವಾಮಿ, ಯಂತ್ರವನ್ನು ಮಾಡಿದವರಿಗೆ ಕಣ್ಣಿತ್ತು. ಆ ಕಣ್ಣಿಗೆ ಒಂದು ಅಭ್ಯಾಸ ಇತ್ತು. 1950ರ ದಶಕದಲ್ಲಿ ಕೊಡಾಕ್ ಕಂಪನಿ ಅಮೆರಿಕದ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಒಂದು ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದ ಶೆರ್ಲಿ ಎಂಬ ಬಿಳಿ ಹೆಂಗಸಿನ ಚಿತ್ರ. ಆಮೇಲೆ ಕಾರ್ಡಿನಲ್ಲಿ ಯಾರು ಬಂದರೂ ಅವರು ಶೆರ್ಲಿಯೇ. ಕಾರ್ಡಿಗೆ ಶೆರ್ಲಿ ಕಾರ್ಡ್ ಅಂತಲೇ ಹೆಸರು. ನನ್ನ ಮಷೀನು ಬೇರೆ ಕಂಪನಿಯದು, ಆದರೆ ಗೋಡೆಯ ಮೇಲಿದ್ದವಳು ಅದೇ ವಂಶದವಳು. ಅವಳ ಚರ್ಮವೇ ಅಳತೆಗೋಲು. ಒಂದೇ ಕ್ಲಾಸಿನ ಬಿಳಿ ಮಕ್ಕಳು, ಕಪ್ಪು ಮಕ್ಕಳು ಸಾಲಾಗಿ ಕೂತರೆ ಅರ್ಧ ಮಕ್ಕಳ ಮುಖ ಕತ್ತಲೆ. ತಾಯಂದಿರು ದೂರಿದರು.

ಆದರೆ ಫಿಲ್ಮಿನ ರಸಾಯನ ಬದಲಾಗಲು ಯಾರ ದೂರು ಬೇಕಾಯಿತು ಅಂತೀರಿ? ಚಾಕೊಲೇಟ್ ಕಂಪನಿಗಳದು! ಹಾಲಿನ ಚಾಕೊಲೇಟು, ಕಪ್ಪು ಚಾಕೊಲೇಟು ಫೋಟೊದಲ್ಲಿ ಒಂದೇ ಥರ ಕಾಣುತ್ತವೆ ಅಂತ. ಮರದ ಕುರ್ಚಿ ಮೇಜು ಮಾಡುವವರೂ ದೂರಿದರು, ಮರದ ಗೆರೆ ಕಾಣಿಸುತ್ತಿಲ್ಲ ಅಂತ. ಇದನ್ನು ಮುಂದೆ ಹೇಳಿದ್ದು ಕೊಡಾಕ್ ಕಂಪನಿಯಲ್ಲಿ ಕೆಲಸ ಮಾಡಿದವರೇ. ಹೊಸ ಫಿಲ್ಮ್ ಬಂದಾಗ, ಮಂದ ಬೆಳಕಿನಲ್ಲಿ ಕಪ್ಪು ಕುದುರೆಯ ವಿವರ ಕೂಡ ಬರುತ್ತದೆ ಅಂತ ಹೊಗಳಿಕೊಂಡರು. ಕುದುರೆಯಂತೆ! ಮನುಷ್ಯರು ಅನ್ನಲು ಬಾಯಿ ಬರಲಿಲ್ಲ. ಕಪ್ಪು, ಬಿಳಿ, ಏಷ್ಯಾದ ಹೆಂಗಸರು ಒಟ್ಟಿಗೆ ಇರುವ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಇಷ್ಟು ಓದಿಕೊಂಡ ಮೇಲೆ ಯಲ್ಲಾಪುರದಿಂದ ಆ ನೆಗೆಟಿವ್ ವಾಪಸ್ ತರಿಸಿದೆ. ಮಷೀನಿನ ಮಾತು ಕೇಳದೆ, ಮುಖ ನೋಡಿಕೊಂಡು ಪ್ರಿಂಟ್ ಹಾಕಿದೆ. ಗೌನು ಸುಣ್ಣ ಹೊಡೆದ ಗೋಡೆಯಾಯಿತು. ತಾಯಿ ನೋಡಿ, "ಈಗ ಬಂದಳು" ಅಂದರು.

ಇದು ಫೋಟೊದಲ್ಲಿ ಮಾತ್ರ ಇದ್ದಿದ್ದರೆ ಸುಮ್ಮನಿರಬಹುದಿತ್ತು. 2014ರಲ್ಲಿ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ ಆಟದ ಪಿಸ್ತೂಲು ಹಿಡಿದಿದ್ದ ಟಮೀರ್ ರೈಸ್ ಎಂಬ ಕಪ್ಪು ಹುಡುಗನನ್ನು ಪೊಲೀಸರು ಗುಂಡಿಟ್ಟು ಕೊಂದರು. ಪೊಲೀಸ್ ವೈರ್‌ಲೆಸ್ಸಿನಲ್ಲಿ ಅವರು ಹೇಳಿದ ವಯಸ್ಸು 20 ಇರಬಹುದು ಅಂತ. ಹುಡುಗನಿಗೆ 12. ಒಂದೇ ಮೈಕಟ್ಟಿನ ಕಪ್ಪು ಗಂಡಸನ್ನು, ಬಿಳಿ ಗಂಡಸನ್ನು ತೋರಿಸಿದರೆ ಅಮೆರಿಕದ ಜನ ಕಪ್ಪು ಗಂಡಸನ್ನೇ ಎತ್ತರ, ಬಲಶಾಲಿ ಅಂತ ಅಂದಾಜು ಮಾಡುತ್ತಾರೆ ಅಂತ 2017ರ ಒಂದು ಅಧ್ಯಯನ ತೋರಿಸಿತು. ಕೋವಿಡ್ ಕಾಲದಲ್ಲಿ ನಾವೂ ಬೆರಳಿಗೆ ಸಿಕ್ಕಿಸಿಕೊಂಡೆವಲ್ಲ, ಆಕ್ಸಿಜನ್ ನೋಡುವ ಕ್ಲಿಪ್ಪು? ಅದು ಆಕ್ಸಿಜನ್ ಕಡಿಮೆ ಇದ್ದರೂ ಸರಿ ಇದೆ ಅಂತ ತೋರಿಸುವುದು ಬಿಳಿ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು 3 ಪಟ್ಟು ಜಾಸ್ತಿ ಅಂತ 2020ರಲ್ಲಿ ಅಮೆರಿಕದ ಡಾಕ್ಟರುಗಳೇ ಬರೆದರು. ಅದೂ ಚರ್ಮದ ಮೇಲೆ ಬೆಳಕು ಬಿಟ್ಟು ಓದುವ ಯಂತ್ರವೇ. ನನ್ನ ಪ್ರಕಾರ ಕ್ಯಾಮೆರಾದ ತಮ್ಮ.

ಎರಡು ನಿಮಿಷ ಇದೆಯಂತೆ. ರೆಂಟಿಯ ಕತೆ ಬಾಕಿ.

ಆ ತಗಡುಗಳು 1976ರಲ್ಲಿ ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಅಟ್ಟದಲ್ಲಿ ಸಿಕ್ಕವು. 2019ರಲ್ಲಿ ಕನೆಟಿಕಟ್ ರಾಜ್ಯದ ಒಬ್ಬ ಮಹಿಳೆ ಕೋರ್ಟಿಗೆ ಹೋದರು. ರೆಂಟಿ ನಮ್ಮ ಮುತ್ತಜ್ಜನ ಅಜ್ಜ, ಈ ಚಿತ್ರ ನಮ್ಮ ಮನೆಯದು ಅಂದರು. ಅವರ ಮನೆಯಲ್ಲಿ ತಲೆಮಾರುಗಳಿಂದ ರೆಂಟಿಯನ್ನು ಪಾಪಾ ರೆಂಟಿ ಅಂತ ಕರೆಯುತ್ತಾರೆ. ಗುಲಾಮನಾಗಿದ್ದಾಗಲೇ ನೀಲಿ ರಟ್ಟಿನ ಒಂದು ಕಾಗುಣಿತದ ಪುಸ್ತಕ ಇಟ್ಟುಕೊಂಡು ತಾನೇ ಓದಲು ಕಲಿತವರು, ಬೇರೆಯವರಿಗೂ ಕಲಿಸಿದವರು ಅಂತ ಅಮ್ಮಂದಿರು ಮಕ್ಕಳಿಗೆ ಹೇಳುತ್ತಾ ಬಂದಿದ್ದಾರೆ. ಅಗಾಸಿಯ ತಗಡಿನಲ್ಲಿ ಆ ಪುಸ್ತಕ ಇಲ್ಲ.

ಕೇಸು ಆರು ವರ್ಷ ನಡೆಯಿತು. 2025ರ ಮೇ ತಿಂಗಳಲ್ಲಿ ರಾಜಿಯಾಯಿತು. ತಗಡುಗಳನ್ನು ಚಾರ್ಲ್ಸ್‌ಟನ್‌ನಲ್ಲಿರುವ ಆಫ್ರಿಕನ್ ಅಮೆರಿಕನ್ನರ ಮ್ಯೂಸಿಯಂಗೆ ಕೊಡಲು ಹಾರ್ವರ್ಡ್ ಒಪ್ಪಿತು. ಚಾರ್ಲ್ಸ್‌ಟನ್ ಇರುವುದೂ ಸೌತ್ ಕ್ಯಾರೊಲಿನಾದಲ್ಲೇ. ಜೀಲಿಯ ಸ್ಟುಡಿಯೋ ಇದ್ದ ಊರಿನಿಂದ ಕಾರಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ ದಾರಿ.

ನಮಸ್ಕಾರ.