ಮೊದಲು ಊಹೆ, ಆಮೇಲೆ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಮೈಸೂರಿನಲ್ಲಿ ಮೇಷ್ಟ್ರುಗಳಿಗೂ ರೇಡಿಯೋಗೂ ಹಳೇ ನಂಟು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ಶುರುಮಾಡಿದರು. ಅದರ ಹೆಸರೇ ಆಕಾಶವಾಣಿ. ಆಮೇಲೆ ಆ ಹೆಸರು ದೇಶಕ್ಕೆಲ್ಲ ಆಯಿತು. ಹಾಗಾಗಿ ಇಲ್ಲಿ ಕೂತು ಮಾತಾಡೋದು ನನಗೆ ಹೆಮ್ಮೆ. ಕೊರತೆ ಒಂದೇ. ನಾನು ಹೇಳ್ತಾ ಹೋಗ್ತೀನಿ, ನೀವು ಕೇಳ್ತಾ ಇರ್ತೀರಿ, ನಿಮ್ಮ ತಲೆಯಲ್ಲಿ ಏನು ಓಡ್ತಿದೆ ಅಂತ ನನಗೆ ತಿಳಿಯೋದಿಲ್ಲ. ರೇಡಿಯೋದಲ್ಲಿ ಇದಕ್ಕೆ ಉಪಾಯ ಇಲ್ಲ, ತರಗತಿಯಲ್ಲಿ ಇದೆ. ಆದರೂ ನಮ್ಮ ಎಷ್ಟೋ ತರಗತಿಗಳು ರೇಡಿಯೋ ಥರಾನೇ ನಡೀತಾವೆ.

ನಾನು ಮೂವತ್ತು ವರ್ಷದಿಂದ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಕಲಿಸ್ತಿದ್ದೀನಿ. ನಿಮ್ಮ ಪಾಠದ ಕ್ರಮ ಏನು ಅಂತ ಕೇಳ್ತಾರೆ. ಮೊದಲು ವಿದ್ಯಾರ್ಥಿಗಳ ಊಹೆ, ಆಮೇಲೆ ನನ್ನ ಪಾಠ. ಅಷ್ಟೇ.

ಇದು ನನಗೆ ತಿಳಿದಿದ್ದು ಕರೆಂಟ್ ಹೋದ ದೆಸೆಯಿಂದ. ಮೊದಲ ಹತ್ತು ವರ್ಷ ನಾನೂ ಬೋರ್ಡು ತುಂಬ ಬರೆದು, ಒರೆಸಿ, ಮತ್ತೆ ಬರೆದವಳೇ. ಒಂದು ಮಳೆಗಾಲದ ಮಧ್ಯಾಹ್ನ ಲ್ಯಾಬಿನಲ್ಲಿ ಕರೆಂಟ್ ಹೋಯಿತು. ಎಂ.ಎಸ್ಸಿ. ಮೊದಲ ವರ್ಷದವರು, ಕರೆಂಟಿನ ಲೆಕ್ಕಕ್ಕೆ ಬಳಸೋ ಕಿರ್ಚಾಫ್ ನಿಯಮ ಹಾಕಿ ಎಂಥ ತೊಡಕಿನ ಸರ್ಕೀಟನ್ನೂ ಬಿಡಿಸೋ ಮಕ್ಕಳು, ಸುಮ್ಮನೆ ಕೂತಿದ್ದರು. ಹೊತ್ತು ಹೋಗಲಿ ಅಂತ ಕಪಾಟಿನಲ್ಲಿದ್ದ ಟಾರ್ಚ್ ಬಿಚ್ಚಿ, ಒಂದು ಶೆಲ್ಲು, ಒಂದು ಬಲ್ಬು, ಗೇಣುದ್ದ ತಂತಿ ಮೇಜಿನ ಮೇಲಿಟ್ಟೆ. "ಹತ್ತಿಸಿ ನೋಡೋಣ" ಅಂದೆ.

ನಕ್ಕರು. ಇದೇನು ಮಹಾ ಅಂತ. ಮೊದಲು ಬಂದವಳು ತರಗತಿಗೇ ಮೊದಲಿಗಳು. ಶೆಲ್ಲಿನ ತಲೆಯಿಂದ ಬಲ್ಬಿನ ತಳಕ್ಕೆ ತಂತಿ ಹಿಡಿದಳು. ಹತ್ತಲಿಲ್ಲ. ಶೆಲ್ಲು ಹೋಗಿದೆ ಮೇಡಂ ಅಂದಳು. ಇನ್ನೊಬ್ಬ ಬಂದು ಬಲ್ಬಿನ ತಳವನ್ನು ಶೆಲ್ಲಿನ ತಲೆಗೆ ಒತ್ತಿ, ತಂತಿಯ ಒಂದು ತುದಿ ಅಲ್ಲಿಗೇ ಸಿಕ್ಕಿಸಿ, ಇನ್ನೊಂದನ್ನು ಶೆಲ್ಲಿನ ಅಡಿಗೆ ಮುಟ್ಟಿಸಿದ. ಬಲ್ಬು ಹತ್ತಲಿಲ್ಲ, ತಂತಿ ಬಿಸಿಯಾಗಿ ಬೆರಳು ಚುರುಕ್ ಅಂತು. ಕಾಲು ಗಂಟೆ ಹೀಗೇ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಟಿ. ನರಸೀಪುರದ ಕಡೆಯವನು, ಅಪ್ಪನಿಗೆ ಮೋಟಾರು ವೈಂಡಿಂಗ್ ಕೆಲಸ. "ಬಲ್ಬಿಗೂ ಎರಡು ಕಡೆ ಇರ್ತದೆ ಮೇಡಂ. ತಳದ ಚುಕ್ಕೆ ಒಂದು, ಸುತ್ತಿನ ತಗಡು ಒಂದು." ಚುಕ್ಕೆಯನ್ನು ಶೆಲ್ಲಿನ ತಲೆಗೆ ಇಟ್ಟ, ಶೆಲ್ಲಿನ ಅಡಿಯಿಂದ ತಂತಿ ತಂದು ತಗಡಿಗೆ ತಾಗಿಸಿದ. ಮಂಕಾಗಿ ಹತ್ತಿತು.

ನನಗೆ ಇವತ್ತಿಗೂ ನೆನಪಿರೋದು ಆ ಬೆಳಕಲ್ಲ, ಆ ಮೊದಲಿಗಳು ಹೇಳಿದ ಮಾತು. ಒಂದೇ ಕಡೆಗೆ ಯಾಕಮ್ಮಾ ಹಿಡಿದೆ ಅಂದರೆ, "ಮನೆಯಲ್ಲಿ ಬಲ್ಬಿಗೆ ಒಂದೇ ವೈರ್ ತಾನೇ ಮೇಡಂ ಇಳಿದುಬರೋದು?" ಅಂದಳು. ಎರಡು ತಂತಿ ಒಂದೇ ಹೊದಿಕೆಯೊಳಗೆ ಇರೋದನ್ನು ಅವಳು ನೋಡಿರಲಿಲ್ಲ. ಅವಳು ನೋಡಿದ್ದರ ಮಟ್ಟಿಗೆ ಅವಳದು ಸರಿಯೇ! ಅದರ ಮೇಲೆ ನಾನು ಕಿರ್ಚಾಫನನ್ನು ಕೂರಿಸಿದ್ದೆ. ನೂರಕ್ಕೆ ತೊಂಬತ್ತು ಅಂಕವನ್ನೂ ಕೊಟ್ಟಿದ್ದೆ. ಮೊದಲು ಅವಳ ಊಹೆ ಕೇಳಿದ್ದರೆ ಅವತ್ತೇ ಒಂದು ವೈರು ಸೀಳಿ ತೋರಿಸಬಹುದಿತ್ತು.

ಕಥೆ ಉದ್ದ ಆಯಿತು, ಉಳಿದದ್ದು ಬೇಗ ಹೇಳ್ತೀನಿ. ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕರು ಎರಿಕ್ ಮಜೂರ್ ಇದನ್ನು ದೊಡ್ಡ ತರಗತಿಗೇ ಹೊಂದಿಸಿದರು. ಪ್ರಶ್ನೆ ಕೊಡೋದು, ಪ್ರತಿಯೊಬ್ಬರೂ ಒಂದು ಉತ್ತರಕ್ಕೆ ಗಟ್ಟಿಯಾಗಿ ನಿಲ್ಲೋದು, ಪಕ್ಕದವರ ಜೊತೆ ವಾದ ಮಾಡೋದು, ಮತ್ತೆ ಉತ್ತರ ಆರಿಸೋದು. ನಾನೂ ಇದನ್ನೇ ಮಾಡ್ತೀನಿ, ವಾದ ಕನ್ನಡದಲ್ಲೇ ನಡೀಲಿ ಅಂತೀನಿ. ಬಾಯಿ ಬಿಡದ ಹುಡುಗರು ಆಗ ಜಗಳಕ್ಕೇ ಬೀಳ್ತಾರೆ.

ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಮೇಷ್ಟ್ರುಗಳು ಕಾಯೋದು ಸುಮಾರು ಒಂದು ಸೆಕೆಂಡು! ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗ್ತದೆ, ಸುಮ್ಮನಿದ್ದವರೂ ಮಾತಾಡ್ತಾರೆ. ಸಿಲಬಸ್ ಮುಗಿಯಲ್ಲ ಮೇಡಂ ಅಂತ ಕಿರಿಯ ಸಹೋದ್ಯೋಗಿಗಳು ಗೊಣಗ್ತಾರೆ. ಮೂರು ಸೆಕೆಂಡಿಗೆ ಮುಗಿಯದೆ ಹೋಗೋ ಸಿಲಬಸ್ ಯಾವುದಪ್ಪಾ?

ಈಗ ನಿಮ್ಮ ಸರದಿ. ಒಂದು ಲೋಟದಲ್ಲಿ ಐಸ್ ತುಂಡು ತೇಲ್ತಿರಲಿ, ನೀರು ಸರಿಯಾಗಿ ಅಂಚಿನವರೆಗೆ ಇರಲಿ. ಐಸ್ ಪೂರ್ತಿ ಕರಗಿದರೆ ನೀರು ಚೆಲ್ಲುತ್ತದೋ, ಕಡಿಮೆ ಆಗ್ತದೋ, ಹಾಗೇ ಇರ್ತದೋ? ಮನೆಯಲ್ಲಿ ಇರೋ ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಹೆಸರು ಹಾಕಿ ಬರೆಯಿರಿ. ಬರೆದ ಮೇಲೇ ಫ್ರಿಜ್ ಬಾಗಿಲು ತೆಗೆಯಿರಿ. ನಾನಂತೂ ಉತ್ತರ ಹೇಳಲ್ಲ. ನಮಸ್ಕಾರ.